‘ಅಲ್ಲ’ ಎಂಬುದರ ಎಲ್ಲೆ

‘ಸ್ವರವಲ್ಲದ ಅಕ್ಷರ ಯಾವುದು?’ ಎಂದು ಕೇಳಿದರೆ ‘ವ್ಯಂಜನ’ ಎಂಬ ಉತ್ತರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಆ ಉತ್ತರ ಪೂರ್ಣವಲ್ಲವೆಂಬುದನ್ನು ಗಣಿತಶಾಸ್ತ್ರದ ಗಣಸಿದ್ಧಾಂತವು ಸೊಗಸಾಗಿ ತೋರಿಸಿಕೊಡುತ್ತದೆ.

ಇಂದು ರೂಢಿಯಲ್ಲಿರುವ ಎಣಿಕೆಯಂತೆ ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು: ಸ್ವರಗಳು 13, ವ್ಯಂಜನಗಳು 34, ಅನುಸ್ವಾರ ವಿಸರ್ಗಗಳೆಂಬ ಯೋಗವಾಹಗಳು 2. ವಿಚಾರಕ್ಕೆ ಎತ್ತಿಕೊಂಡ ಈ ಇಡಿಯ ಸಮೂಹವೇ ವಿಶ್ವಗಣ. ಅದರಲ್ಲಿ ಸ್ವರಗಳನ್ನು ಬಿಟ್ಟು ಉಳಿದುದೆಲ್ಲವೂ ಸ್ವರಗಣದ ಪೂರಕಗಣ. ಎಣಿಸಿ ನೋಡಿ: ಅಲ್ಲಿರುವ ಅಕ್ಷರಗಳು 36. ಆ ಪೂರಕದ ಪೂರಕವನ್ನು ತೆಗೆದರೆ ಮರಳಿ ಬರುವುವು ಅದೇ 13 ಸ್ವರಗಳು.

ಯೋಗವಾಹಗಳನ್ನು ಮೊದಲೇ ಹೊರಗಿರಿಸಿ 47 ಅಕ್ಷರಗಳನ್ನಷ್ಟೇ ವಿಶ್ವಗಣವೆಂದು ಬಗೆದರೆ, ಆಗ ಪೂರಕದಲ್ಲಿ ವ್ಯಂಜನಗಳು ಮಾತ್ರ ಉಳಿಯುತ್ತವೆ. ಸ್ವರಗಳು ಬದಲಾಗಲಿಲ್ಲ, ‘ಸ್ವರವಲ್ಲದ್ದು’ ಬದಲಾಯಿತು. ಆದುದರಿಂದ, ಯಾವ ವಿಶ್ವದೊಳಗೆ ಎಂಬುದನ್ನು ಹೇಳದೆ ‘ಅಲ್ಲ’ ಎಂದರೆ ಆ ಮಾತಿಗೆ ಎಲ್ಲೆಯಿರುವುದಿಲ್ಲ.

ಸಂಸ್ಕೃತ ವೈಯಾಕರಣರು ನಿಷೇಧಾರ್ಥದ ‘ನಞ್’ಗೆ ಆರು ಅರ್ಥಗಳನ್ನು ಹೇಳುತ್ತಾರೆ. ‘ಅನಶ್ವ’ ಎಂಬಲ್ಲಿ ತದನ್ಯತ್ವ, ಎಂದರೆ ಕುದುರೆಯಲ್ಲದ ಬೇರೊಂದು; ‘ಅಧರ್ಮ’ ಎಂಬಲ್ಲಿ ವಿರೋಧ. ಗಣಿತದ ಪೂರಕವು ತದನ್ಯತ್ವಕ್ಕೆ ಸೇರಿದುದು; ವಿರೋಧದ ಸೋಂಕು ಅದಕ್ಕಿಲ್ಲ.

ಲೋಕವ್ಯವಹಾರದಲ್ಲಿ ಈ ಎರಡನ್ನೂ ಬೆರೆಸುವುದರಿಂದ ಒದಗುವ ಅನರ್ಥ ಸಣ್ಣದಲ್ಲ. ‘ನಮ್ಮವರಲ್ಲದವರು ನಮ್ಮ ವೈರಿಗಳು’ ಎನ್ನುವವನು ಪೂರಕಗಣವನ್ನು ಸರಿಯಾಗಿ ಎಣಿಸಿಲ್ಲ. ನಮ್ಮ ಹೆಸರನ್ನೇ ಕೇಳದ ಕೋಟ್ಯಂತರ ಮಂದಿ ಅಲ್ಲಿಯೇ ಇದ್ದಾರೆ. ಅವರಿಗೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ.