ಸಹಿಯಿಲ್ಲದ ಡ್ರೈವರಿಗೆ ಬಾಗಿಲು ಮುಚ್ಚಿದ ಕಥೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ವಿಂಡೋಸ್ 11ಕ್ಕೆ ಬದಲಾಗುವುದು ಬಹಳ ಜನರಿಗೆ ಅನಿವಾರ್ಯವಾಯಿತು. ಹಾಗೆ ಬದಲಾದಾಗ ಕೆಲವು ಹಳೆಯ ಸ್ಕ್ಯಾನರ್, ಸೌಂಡ್ ಕಾರ್ಡ್, ಪ್ರಯೋಗಾಲಯದ ಉಪಕರಣಗಳು ಸುಮ್ಮನಾಗಿಬಿಡುತ್ತವೆ. ಡಿವೈಸ್ ಮ್ಯಾನೇಜರ್ ತೆರೆದರೆ ಸಾಧನದ ಹೆಸರಿನ ಪಕ್ಕ ಹಳದಿ ತ್ರಿಕೋನ, ಒಳಗೆ ‘ಕೋಡ್ 52’: ಡ್ರೈವರ್‌ನ ಡಿಜಿಟಲ್ ಸಹಿಯನ್ನು ಖಚಿತಪಡಿಸಿಕೊಳ್ಳಲು ಆಗುತ್ತಿಲ್ಲ. ಯಂತ್ರ ಕೆಟ್ಟಿಲ್ಲ, ಕೇಬಲ್ ಸರಿಯಿದೆ, ಡ್ರೈವರ್ ಕೂಡ ನಿನ್ನೆಯವರೆಗೆ ಕೆಲಸ ಮಾಡಿದ್ದೇ. ಹೊಸ ಸಾಧನ ಮಾರಲು ಕಂಪನಿಗಳು ಹೂಡಿದ ಆಟ ಇದು ಎಂಬ ಸಿಟ್ಟು ಸಹಜ. ಆದರೆ ಈ ನಿಯಮ ಬೆಳೆದು ಬಂದ ದಾರಿ ನೋಡಿದರೆ ಬೇರೆ ಚಿತ್ರವೇ ಸಿಗುತ್ತದೆ. ಸಹಿ ಮೊದಲು ಗುಣಮಟ್ಟದ ಮುದ್ರೆಯಾಗಿತ್ತು, ಆಮೇಲೆ ತಯಾರಕರ ಗುರುತಾಯಿತು, ಕೊನೆಗೆ ಪರವಾನಗಿಯಾಯಿತು. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟಿದೆ.

ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳಲ್ಲಿ ಹಲವು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಲ್ಲಿ, ಓಡುತ್ತವೆ. ಅಲ್ಲಿ ಒಂದು ಸಾಲು ತಪ್ಪಿದರೂ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಕುಸಿಯಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ವೈಫಲ್ಯಗಳಲ್ಲಿ ಶೇ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣ ಎಂಬ ಅಂಕಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ 2003ರ ಪ್ರಬಂಧದಲ್ಲಿದೆ. ಬೈಗುಳ ತಿನ್ನುತ್ತಿದ್ದುದು ಮಾತ್ರ ಮೈಕ್ರೊಸಾಫ್ಟ್. ಹಾಗಾಗಿ ವಿಂಡೋಸ್ 2000 ಮತ್ತು ಎಕ್ಸ್‌ಪಿಯ ಕಾಲದಲ್ಲಿ, ಪರೀಕ್ಷೆಯಲ್ಲಿ ಪಾಸಾದ ಡ್ರೈವರಿಗೆ ಕಂಪನಿ ಸಹಿ ಹಾಕಿಕೊಡುತ್ತಿತ್ತು. ಸಹಿ ಇಲ್ಲದಿದ್ದರೆ ಎಚ್ಚರಿಕೆ ಬರುತ್ತಿತ್ತು, ಜತೆಗೆ ‘ಆದರೂ ಮುಂದುವರಿಸಿ’ ಎಂಬ ಬಟನ್ ಕೂಡ ಇರುತ್ತಿತ್ತು. ಆ ಬಟನ್ ಒತ್ತಿ ಎಂದು ಸಾಧನದ ಕೈಪಿಡಿಗಳೇ ಹೇಳಿಕೊಡುತ್ತಿದ್ದವು.

2005ರಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಸೋನಿ ಬಿಎಂಜಿ ಕಂಪನಿಯ ಸಂಗೀತದ ಸಿಡಿಗಳು, ನಕಲು ತಡೆಯುವ ನೆಪದಲ್ಲಿ, ತಮ್ಮ ಕಡತಗಳನ್ನು ಬಳಕೆದಾರನಿಂದ ಮರೆಮಾಚುವ ಡ್ರೈವರ್ ಒಂದನ್ನು ಕಂಪ್ಯೂಟರಿಗೆ ತುಂಬುತ್ತಿವೆ ಎಂಬುದನ್ನು ವಿಂಡೋಸ್ ತಜ್ಞ ಮಾರ್ಕ್ ರಸಿನೋವಿಚ್ ಬಯಲು ಮಾಡಿದರು. ಅಲ್ಲಿಯವರೆಗೆ ಚಿಂತೆ ಇದ್ದದ್ದು ಕಳಪೆ ಕೆಲಸದ ಬಗ್ಗೆ; ಈಗ ಕೆಟ್ಟ ಉದ್ದೇಶದ ಬಗ್ಗೆಯೂ ಚಿಂತಿಸಬೇಕಾಯಿತು. ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿಯಲ್ಲಿ ಕರ್ನಲ್ ಡ್ರೈವರಿಗೆ ಸಹಿ ಕಡ್ಡಾಯವಾಯಿತು, ‘ಆದರೂ ಮುಂದುವರಿಸಿ’ ಮಾಯವಾಯಿತು. 32 ಬಿಟ್‌ಗೆ ಈ ಕಟ್ಟುನಿಟ್ಟು ಬರಲಿಲ್ಲ, ಏಕೆಂದರೆ ಹಳೆಯ ಡ್ರೈವರ್‌ಗಳ ರಾಶಿಯೆಲ್ಲ ಅಲ್ಲೇ ಇತ್ತು. ಪರೀಕ್ಷೆ ಪಾಸಾಗಿರಲೇಬೇಕೆಂಬ ಷರತ್ತು ಇರಲಿಲ್ಲ. ವೆರಿಸೈನ್‌ನಂಥ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ತಯಾರಕರು ತಾವೇ ಸಹಿ ಹಾಕಬಹುದಿತ್ತು. ಡ್ರೈವರ್‌ನ ಪ್ರತಿ ಕಡತದಿಂದ ಲೆಕ್ಕಹಾಕಿದ ಒಂದು ಸಂಖ್ಯೆಯನ್ನು ‘ಕ್ಯಾಟ್’ ಕಡತದಲ್ಲಿ ಬರೆದು, ಅದಕ್ಕೆ ಸಹಿ ಒತ್ತಲಾಗುತ್ತದೆ. ಹಳೆಯ ಸಾಧನವನ್ನು ಹೇಗಾದರೂ ಒಪ್ಪಿಸೋಣವೆಂದು ‘ಐಎನ್‌ಎಫ್’ ಕಡತದಲ್ಲಿ ಒಂದು ಅಕ್ಷರ ತಿದ್ದಿದರೂ ಲೆಕ್ಕ ತಪ್ಪಿ ಸಹಿ ಬಿದ್ದುಹೋಗುತ್ತದೆ. ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಜಮೀನಿಗೆ ತಕರಾರಿಲ್ಲ ಎಂದು ಸಬ್‌ರಿಜಿಸ್ಟ್ರಾರ್ ಹೇಳಿದಂತಾಗುವುದಿಲ್ಲವಲ್ಲ, ಇದೂ ಹಾಗೆಯೇ: ಬರೆದವರು ಯಾರು, ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂಬಷ್ಟನ್ನೇ ಸಹಿ ಹೇಳುತ್ತದೆ.

ಗುರುತು ಕದಿಯಬಹುದೆಂಬುದು ಬೇಗನೆ ಗೊತ್ತಾಯಿತು. 2010ರಲ್ಲಿ ಪತ್ತೆಯಾದ, ಇರಾನಿನ ಅಣು ಘಟಕವನ್ನು ಗುರಿಯಾಗಿಸಿದ್ದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಡ್ರೈವರ್‌ಗಳ ಮೇಲೆ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿ ಇತ್ತು. ಸಹಿ ಹಾಕುವ ಗುಪ್ತ ಕೀಲಿಗಳು ಕಳುವಾಗಿದ್ದವು. ಆಮೇಲೆ ಮೈಕ್ರೊಸಾಫ್ಟ್ ಸಹಿಯ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. 2016ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ, ಹೊಸ ಕರ್ನಲ್ ಡ್ರೈವರಿಗೆ ಕಂಪನಿಯ ಪೋರ್ಟಲ್ ಮೂಲಕ ಅದರದೇ ಸಹಿ ಬೇಕು. 2015ರ ಜುಲೈ 29ಕ್ಕಿಂತ ಮೊದಲಿನ ಪ್ರಮಾಣಪತ್ರದ ಡ್ರೈವರಿಗೆ, ಹಳೆಯ ಆವೃತ್ತಿಯಿಂದ ಅಪ್‌ಗ್ರೇಡ್ ಆದ ಯಂತ್ರಕ್ಕೆ, ಕಂಪ್ಯೂಟರ್ ಆರಂಭವಾಗುವಾಗಲೇ ಸಹಿ ಪರೀಕ್ಷಿಸುವ ‘ಸೆಕ್ಯೂರ್ ಬೂಟ್’ ಆಫ್ ಇರುವ ಯಂತ್ರಕ್ಕೆ ವಿನಾಯಿತಿ ಕೊಡಲಾಯಿತು. ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಅಪ್‌ಗ್ರೇಡ್ ಮಾಡಿದ್ದು ಡ್ರೈವರನ್ನು ಒಪ್ಪಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದ್ದು ಅದೇ ಡ್ರೈವರನ್ನು ತಿರಸ್ಕರಿಸಬಹುದಾದದ್ದು ಇದರಿಂದಲೇ.

ಇಷ್ಟೆಲ್ಲ ಮಾಡಿ ಸಾಧಿಸಿದ್ದೇನು ಎಂದು ಕೇಳಬಹುದು. 2020ರಲ್ಲಿ ರಾಬಿನ್‌ಹುಡ್ ಎಂಬ ಸುಲಿಗೆ ತಂತ್ರಾಂಶ, ಗಿಗಾಬೈಟ್ ಕಂಪನಿಯ ಸಹಿಯಿದ್ದ ಆದರೆ ದೋಷವುಳ್ಳ ಹಳೆಯ ಡ್ರೈವರನ್ನೇ ಬಳಸಿ ಕರ್ನಲ್ ಹೊಕ್ಕಿತು. 2021ರಲ್ಲಿ ‘ನೆಟ್‌ಫಿಲ್ಟರ್’ ಎಂಬ ದುರುದ್ದೇಶದ ಡ್ರೈವರಿಗೆ ಮೈಕ್ರೊಸಾಫ್ಟೇ ಸಹಿ ಹಾಕಿಕೊಟ್ಟಿತ್ತು. 2024ರ ಜುಲೈ 19ರಂದು ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕುಸಿದು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಅಸ್ತವ್ಯಸ್ತವಾದ ದಿನ, ಅದಕ್ಕೆ ಕಾರಣವಾದ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಡ್ರೈವರಿನ ಸಹಿ ಸರಿಯಾಗಿಯೇ ಇತ್ತು. ಅದು ಓದಿದ ದತ್ತಾಂಶದ ಕಡತ ದೋಷದ್ದಾಗಿತ್ತು. ಸಹಿಯನ್ನು ಸುರಕ್ಷತೆಯ ಖಾತರಿ ಎಂದುಕೊಂಡರೆ ಇವೆಲ್ಲ ಅದರ ಸೋಲು. ಆದರೆ ಸಹಿಯ ನಿಜವಾದ ಉಪಯೋಗ ತಪ್ಪಾದ ಮೇಲೆ ಕಾಣುವಂಥದ್ದು. ಯಾರದೆಂದು ಗೊತ್ತಿರುವ ಡ್ರೈವರಿನ ಪ್ರಮಾಣಪತ್ರವನ್ನು ರದ್ದು ಮಾಡಬಹುದು, ಅದನ್ನು ಹೆಸರಿಸಿ ತಡೆಯಬಹುದು. 2022ರ ವಿಂಡೋಸ್ 11 ಆವೃತ್ತಿಯಿಂದ ದೋಷವುಳ್ಳ ಡ್ರೈವರ್‌ಗಳ ತಡೆಪಟ್ಟಿ ತಾನಾಗಿಯೇ ಜಾರಿಯಲ್ಲಿರುತ್ತದೆ. ಅನಾಮಧೇಯ ಡ್ರೈವರ್‌ಗಳ ಕಾಲದಲ್ಲಿ, ಹೆಸರು ಬದಲಿಸಿ ಮತ್ತೆ ಬರುವವನನ್ನು ಹೀಗೆ ತಡೆಯಲು ದಾರಿಯೇ ಇರಲಿಲ್ಲ.

‘ಯಂತ್ರ ನನ್ನದು, ತೀರ್ಮಾನವೂ ನನ್ನದು’ ಎಂಬ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ವಿಂಡೋಸ್‌ನಲ್ಲಿ ಪರೀಕ್ಷಾರ್ಥ ಸಹಿಯನ್ನೂ ಒಪ್ಪುವ ಟೆಸ್ಟ್ ಮೋಡ್ ಇದೆ, ನಿಜ. ಆದರೆ ಒಂದು ಹಳೆಯ ಸ್ಕ್ಯಾನರಿಗಾಗಿ ಸೆಕ್ಯೂರ್ ಬೂಟ್ ತೆಗೆದು ಇಡೀ ಕಾವಲನ್ನೇ ಸಡಿಲಿಸಬೇಕು. ಹಲವು ಲಿನಕ್ಸ್ ವಿತರಣೆಗಳಲ್ಲಿ ಯಂತ್ರದ ಮಾಲೀಕ ತನ್ನದೇ ಕೀಲಿಯನ್ನು ನೋಂದಾಯಿಸಿ, ತನಗೆ ಬೇಕಾದ ಒಂದೇ ಡ್ರೈವರಿಗೆ ಸಹಿ ಹಾಕಿಕೊಳ್ಳಬಹುದು; ಉಳಿದ ಕಾವಲು ಹಾಗೆಯೇ ಇರುತ್ತದೆ. ಸುರಕ್ಷತೆಗೂ ಮಾಲೀಕನ ಹಕ್ಕಿಗೂ ವಿರೋಧವಿರಲೇಬೇಕಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಸಹಿ ಬೇಕೆಂಬ ನಿಯಮ ಸರಿ. ಸರಿಯಿಲ್ಲದ್ದು ಹೊಣೆಯ ಹಂಚಿಕೆ. ಸಹಿ ಎಂದರೆ ‘ಇದಕ್ಕೆ ನಾನು ಹೊಣೆ’ ಎಂಬ ಮಾತಾದರೆ, ಸಾಧನ ಬಾಳುವಷ್ಟು ಕಾಲ ಆ ಮಾತು ಉಳಿಯಬೇಕು. ಹಲವು ತಯಾರಕರು ಮಾರಾಟ ನಿಲ್ಲಿಸಿದ ಮೇಲೆ ಡ್ರೈವರಿನ ಕೈಬಿಡುತ್ತಾರೆ. ಬೇರೆಯವರು ಅದನ್ನು ಕಾನೂನುಬದ್ಧವಾಗಿ ದತ್ತು ಪಡೆಯಲು ಮೂಲ ಕೋಡನ್ನೂ ಬಿಟ್ಟುಕೊಡುವುದಿಲ್ಲ. ಸಾಧನ ಎಷ್ಟು ವರ್ಷ ಬೆಂಬಲ ಪಡೆಯುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಮುದ್ರಿಸಬೇಕೆಂದು ಕೇಳುವುದು, ಸಹಿಯ ನಿಯಮವನ್ನು ಶಪಿಸುವುದಕ್ಕಿಂತ ನ್ಯಾಯವಾದ ಬೇಡಿಕೆ.