ಕಾಳಿಗೊಂದು ಕಲ್ಲು

ಬೀದಿಯಿಂದ ಎತ್ತಿ ತಂದು ಸಾಕಿದ ನಾಯಿ ಸತ್ತಾಗ, "ಒಂದು ನಾಯಿಗೆ ಇಷ್ಟೊಂದು ಅಳೋದಾ?" ಅಂತಾರಲ್ಲ, ಅವರಿಗೆ ಕಾಳಿಯ ಕತೆ ಹೇಳಿ.

ಕ್ರಿ.ಶ. 949–50. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೇರ. ಅವನು ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಊರಲ್ಲ, ಹೊನ್ನಲ್ಲ. ಕಾಳಿ ಅನ್ನೋ ಬೇಟೆನಾಯಿ!

ಮುಂದೆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಸೆಣಸಿತು. ಎರಡೂ ಸತ್ತವು. ಮದ್ದೂರು ಬಳಿಯ ಆತಕೂರಿನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಕೆತ್ತಿಸಿದರು. ಎಂಥ ಅಕ್ಕರೆ ನೋಡಿ!

ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹಂದಿಯ ಮೇಲೆ ಎಗರಿರೋ ಕಾಳಿಯೂ ಅದರಲ್ಲಿದೆ. ಅಂಬಾಜಿದುರ್ಗ, ಚಿಂತಾಮಣಿ ಕಡೆಯವರೇ, ಬೆಂಗಳೂರಿಗೆ ಹೋದಾಗ ತಪ್ಪದೆ ನೋಡಿ. ನಿಮ್ಮ ನಾಯಿಯ ಹೆಸರು ಕಾಮೆಂಟಲ್ಲಿ ಬರೀರಿ.