ಡಾನ್ ಶೆಕ್ಟ್‌ಮನ್ ಮತ್ತು ಇರಬಾರದಿದ್ದ ಸ್ಫಟಿಕ

ಉಪ್ಪು, ಸಕ್ಕರೆ, ವಜ್ರ, ಕಬ್ಬಿಣ ಇವೆಲ್ಲವೂ ಸ್ಫಟಿಕಗಳೆಂದರೆ ಆರ್ಟ್ಸ್ ವಿದ್ಯಾರ್ಥಿಗಳಾದ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಮೊದಲಿನ ಮೂರನ್ನು ಒಪ್ಪಿದರೂ ಕಬ್ಬಿಣವನ್ನು ಒಪ್ಪಲು ಮನಸ್ಸು ಹಿಂಜರಿಯುವುದು. ವಿಜ್ಞಾನಿಗಳ ಮಾತಿನಲ್ಲಿ ಸ್ಫಟಿಕವೆಂದರೆ ಪರಮಾಣುಗಳು ಒಂದು ಕ್ರಮದಲ್ಲಿ ಜೋಡಣೆಗೊಂಡಿರುವ ಘನವಸ್ತು. ಹೊಳಪಿಗೂ ಅದಕ್ಕೂ ಸಂಬಂಧವಿಲ್ಲ. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲೌಯೆಯ ಸೂಚನೆಯಂತೆ ಸ್ಫಟಿಕವೊಂದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ ಛಾಯಾಫಲಕದ ಮೇಲೆ ಚುಕ್ಕಿಗಳು ಮೂಡಿದುವು. ಆ ಚುಕ್ಕಿಗಳನ್ನು ನೋಡಿ ಒಳಗಿನ ಜೋಡಣೆಯನ್ನು ಅರಿಯುವ ಶಾಸ್ತ್ರ ಅಂದಿನಿಂದ ಬೆಳೆಯಿತು. ಮುಂದಿನ 70 ವರ್ಷಗಳಲ್ಲಿ ಆ ಶಾಸ್ತ್ರಜ್ಞರು ಸ್ಫಟಿಕವೆಂದು ಒಪ್ಪಿಕೊಂಡುದೆಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟಿತ್ತು: ಒಂದು ಪುಟ್ಟ ವಿನ್ಯಾಸ ಎಲ್ಲ ದಿಕ್ಕುಗಳಲ್ಲಿಯೂ ಮರಳಿ ಮರಳಿ ಬರುವುದು.

ನಮ್ಮ ಮನೆಗಳ ಮುಂದಿನ ರಂಗೋಲಿಯನ್ನೇ ನೋಡಿರಿ. ಕೆಲವಕ್ಕೆ ಚುಕ್ಕಿಗಳನ್ನು ನೇರ ಸಾಲಿನಲ್ಲಿ ಇಡುವರು. ಕೆಲವಕ್ಕೆ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಡುವರು. ಮೊದಲನೆಯದರಲ್ಲಿ ಚೌಕಗಳೂ ಎರಡನೆಯದರಲ್ಲಿ ತ್ರಿಕೋಣ, ಷಟ್ಕೋನಗಳೂ ಏಳುವುವು. ಚುಕ್ಕಿಗಳನ್ನು ಬೀದಿಯ ಕೊನೆಯವರೆಗೆ ಇಟ್ಟುಕೊಂಡು ಹೋದರೂ ಇದೇ ವಿನ್ಯಾಸ. ಆದರೆ ಐದು ಮೂಲೆಯ ಆಕೃತಿಯನ್ನು ಹೀಗೆ ಹರಡಲು ಬಾರದು. ಸಮಪಂಚಕೋನದ ಒಂದೊಂದು ಕೋನವೂ 108 ಡಿಗ್ರಿ. ಅಂಥ ಮೂರು ಬಿಲ್ಲೆಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಿದರೆ 324 ಡಿಗ್ರಿಯಾಗಿ, 36 ಡಿಗ್ರಿಯ ಸಂದು ಉಳಿಯುವುದು. ನಾಲ್ಕನೆಯದು ಅದರಲ್ಲಿ ಹಿಡಿಯದು. ಆದುದರಿಂದ ಎರಡು, ಮೂರು, ನಾಲ್ಕು, ಆರು ಪಾಲಿನ ಸಮಮಿತಿ ಮಾತ್ರ ಸ್ಫಟಿಕಕ್ಕೆ ಸಾಧ್ಯ, ಐದು ಅಸಾಧ್ಯ, ಆರಕ್ಕೆ ಮೀರಿದ್ದೂ ಅಸಾಧ್ಯ ಎಂದು ಪಠ್ಯಪುಸ್ತಕಗಳು ಸಾರಿದುವು. ಗಣಿತದ ಬೆಂಬಲವಿದ್ದ ಈ ಮಾತನ್ನು ಯಾರು ತಾನೇ ಅಲ್ಲಗಳೆದಾರು?

ಅಲ್ಲಗಳೆಯುವ ಉದ್ದೇಶ ಡಾನ್ ಶೆಕ್ಟ್‌ಮನ್ನರಿಗೂ ಇರಲಿಲ್ಲ. ಅವರು ಹುಟ್ಟಿದ್ದು 1941ರಲ್ಲಿ, ಟೆಲ್ ಅವೀವ್ ನಗರದಲ್ಲಿ. ಬಾಲ್ಯದಲ್ಲಿ ಜೂಲ್ಸ್ ವರ್ನನ 'ರಹಸ್ಯದ ದ್ವೀಪ' ಎಂಬ ಕಾದಂಬರಿಯನ್ನು ಹತ್ತಾರು ಸಲ ಓದಿ, ಅದರ ನಾಯಕನಂತೆ ತಾನೂ ಇಂಜಿನಿಯರಾಗಬೇಕೆಂದು ಹಾರೈಸಿದರಂತೆ. (ಕಾದಂಬರಿ ಓದುವುದು ಕಾಲಹರಣವೆನ್ನುವ ಹಿರಿಯರು ಇದನ್ನು ಗಮನಿಸಬೇಕು.) ಹೈಫಾದ ಟೆಕ್ನಿಯನ್ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದಾಗ ದೇಶದಲ್ಲಿ ಕೆಲಸಗಳಿರಲಿಲ್ಲ, ಓದನ್ನೇ ಮುಂದುವರಿಸಿ 1972ರಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದ ಓಹಾಯೋದಲ್ಲಿ ಮೂರು ವರ್ಷ ಟೈಟಾನಿಯಂ ಮಿಶ್ರಲೋಹಗಳ ಮೇಲೆ ದುಡಿದು, 1975ರಲ್ಲಿ ಟೆಕ್ನಿಯನ್ನಿಗೆ ಅಧ್ಯಾಪಕರಾಗಿ ಮರಳಿದರು.

1981ರಲ್ಲಿ ರಜೆ ಪಡೆದು ಪುನಃ ಅಮೆರಿಕಕ್ಕೆ ಹೋದರು. ವಾಷಿಂಗ್ಟನ್ನಿನ ಸಮೀಪದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ, ಕರಗಿದ ಲೋಹವನ್ನು ಗರಗರನೆ ತಿರುಗುವ ತಣ್ಣನೆಯ ಚಕ್ರದ ಮೇಲೆ ಸುರಿದು ಕ್ಷಣಾರ್ಧದಲ್ಲಿ ಗಟ್ಟಿಯಾಗಿಸುವ ಪ್ರಯೋಗಗಳು ನಡೆಯುತ್ತಿದ್ದುವು. ಹೀಗೆ ತಯಾರಾದ ಅಲ್ಯೂಮಿನಿಯಂ ಮತ್ತು ಮ್ಯಾಂಗನೀಸ್‌ಗಳ ಮಿಶ್ರಲೋಹವನ್ನು 1982ನೆಯ ಇಸವಿ ಏಪ್ರಿಲ್ 8ನೆಯ ತಾರೀಖು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಂದೇ ವೃತ್ತದಲ್ಲಿ ಸಮಾನ ಅಂತರದಲ್ಲಿ ಹತ್ತು ಹೊಳೆಯುವ ಚುಕ್ಕಿಗಳು! ಚುಕ್ಕಿಗೆ ಎದುರು ಚುಕ್ಕಿ ಬೀಳುವುದು ಇಂಥ ಚಿತ್ರಗಳ ಗುಣವಾದುದರಿಂದ ಐದು ಪಾಲಿನ ಸಮಮಿತಿಯೂ ಹತ್ತಾಗಿ ತೋರುವುದು. ತಮ್ಮ ದಿನಚರಿಯಲ್ಲಿ '10 ಮಡಿ' ಎಂದು ಬರೆದು ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿದರು.

ಈ ಮೂರು ಚಿಹ್ನೆಗಳಲ್ಲಿಯೇ ಮನುಷ್ಯನ ಸ್ವಭಾವ ತಿಳಿಯುವುದೆಂದು ನನಗೆ ತೋರುತ್ತದೆ. ಹಲವು ಸಾಮಾನ್ಯ ಸ್ಫಟಿಕಗಳು ಓರೆಯಾಗಿ ಒಂದಕ್ಕೊಂದು ಅಂಟಿಕೊಂಡರೂ ಇಂಥ ಚಿತ್ರ ಬರಬಹುದು. ಇವನ್ನು ಅವಳಿ ಸ್ಫಟಿಕಗಳೆನ್ನುವರು. ಶೆಕ್ಟ್‌ಮನ್ನರು ಮೊಟ್ಟಮೊದಲು ಹುಡುಕಿದುದು ಈ ಅವಳಿಗಳನ್ನೇ. ಅವು ಸಿಕ್ಕಲಿಲ್ಲ. ಮಾದರಿಯನ್ನು ನಾನಾ ಕಡೆಗೆ ಓರೆಮಾಡಿ ನೋಡಿದಾಗ, ಇಪ್ಪತ್ತು ತ್ರಿಕೋಣ ಮುಖಗಳುಳ್ಳ ಘನಾಕೃತಿಯ ಸಮಮಿತಿಯೇ ಅದರಲ್ಲಿ ಕಂಡಿತು. ಸಹೋದ್ಯೋಗಿಗಳು ನಕ್ಕರು. ಅವರೇ ಮುಂದೆ ಹೇಳಿಕೊಂಡಿರುವಂತೆ, ತಂಡದ ಮುಖ್ಯಸ್ಥರು ಪಠ್ಯಪುಸ್ತಕವೊಂದನ್ನು ಕೈಗಿತ್ತು ಓದಿಕೊಳ್ಳಲು ಹೇಳಿದರು. ತಂಡಕ್ಕೆ ಅಪಕೀರ್ತಿಯೆಂದು ಬಳಿಕ ಹೊರಕ್ಕೂ ಕಳುಹಿಸಿದರು.

ಟೆಕ್ನಿಯನ್ನಿನ ಇಲಾನ್ ಬ್ಲೆಕ್ ಮಾತ್ರ ನಂಬಿ ಜೊತೆಗೂಡಿದರು. 1984ರಲ್ಲಿ ಇಬ್ಬರೂ ಕಳುಹಿಸಿದ ಲೇಖನವನ್ನು ಪತ್ರಿಕೆಯೊಂದು ಹಿಂದಿರುಗಿಸಿತು. ಆಮೇಲೆ ಜಾನ್ ಕಾನ್ ಮತ್ತು ಫ್ರಾನ್ಸಿನ ದೆನಿ ಗ್ರಾಷಿಯಾ ಸೇರಿ, ಅದೇ ವರ್ಷ ನವೆಂಬರಿನಲ್ಲಿ ನಾಲ್ವರ ಹೆಸರಿನಲ್ಲಿ 'ಫಿಜಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಸುದ್ದಿ ಹೊರಬಂದಿತು. ಒಡನೆಯೇ ಅನೇಕ ದೇಶಗಳಲ್ಲಿ ಹುಡುಕಾಟ ಮೊದಲಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹಿಂದೆ ಬೀಳಲಿಲ್ಲ: ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮೊದಲಾದವರು ಎರಡು ದಿಕ್ಕುಗಳಲ್ಲಿ ಮರಳದೆ, ಮೂರನೆಯ ದಿಕ್ಕಿನಲ್ಲಿ ಮಾತ್ರ ಮರಳಿ ಬರುವ ಇನ್ನೊಂದು ಬಗೆಯನ್ನು ಕಂಡು 1985ರಲ್ಲಿಯೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು.

ಮರಳಿ ಬಾರದ ಕ್ರಮವೆಂದರೇನು? ಇಂಗ್ಲೆಂಡಿನ ಗಣಿತಜ್ಞ ರೋಜರ್ ಪೆನ್‌ರೋಸ್ 1970ರ ದಶಕದಲ್ಲಿಯೇ ಎರಡೇ ಆಕಾರದ ಬಿಲ್ಲೆಗಳಿಂದ, ಎಷ್ಟು ವಿಶಾಲವಾದ ನೆಲವನ್ನಾದರೂ ಸಂದಿಲ್ಲದೆ ಮುಚ್ಚುವ ವಿಧಾನವನ್ನು ತೋರಿಸಿದ್ದರು. ಅದರಲ್ಲಿ ಎಲ್ಲವೂ ನಿಯಮಬದ್ಧ. ಆದರೂ ಇಡೀ ವಿನ್ಯಾಸವನ್ನು ಸರಿಸಿ ಅದರ ಮೇಲೆಯೇ ಹೊಂದಿಸಲಾಗದು. ಇರಾನಿನ ಇಸ್ಫಹಾನ್ ನಗರದ ದರ್ಬ್-ಇ-ಇಮಾಮ್ ಮಂದಿರದಲ್ಲಿ 15ನೆಯ ಶತಮಾನದ ಕುಶಲಿಗಳು ಕೂರಿಸಿದ ಬಿಲ್ಲೆಗಳೂ ಇದಕ್ಕೆ ಬಹಳ ಸಮೀಪದವೆಂದು 2007ರಲ್ಲಿ ಪ್ರಕಟವಾಯಿತು. ಪರಮಾಣುಗಳೂ ಹೀಗೆಯೇ ಕೂಡಬಲ್ಲವು. ಗಣಿತ ಸುಳ್ಳಾಗಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕ್ರಮವೆಂದರೆ ಪುನರಾವೃತ್ತಿಯೇ ಎಂದು ನಂಬಿದುದಷ್ಟೇ ತಪ್ಪು.

ಇಷ್ಟಾದರೂ ಒಪ್ಪದವರಲ್ಲಿ ಲೈನಸ್ ಪಾಲಿಂಗ್ ಅಗ್ರಗಣ್ಯರು. ಎರಡು ನೊಬೆಲ್ ಬಹುಮಾನಗಳನ್ನು ಪಡೆದ ಆ ಮಹಾರಸಾಯನಜ್ಞರು ಇವೆಲ್ಲ ಅವಳಿ ಸ್ಫಟಿಕಗಳೇ ಎಂದು ಬರೆದರು, ಸಭೆಗಳಲ್ಲಿ ಸಾರಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯ ಸಾಲದು, ಕ್ಷ-ಕಿರಣದ ಸಾಕ್ಷ್ಯ ಬೇಕೆಂದು ಸ್ಫಟಿಕಶಾಸ್ತ್ರಜ್ಞರ ಹಟ. ಅದು ಅನ್ಯಾಯದ ಬೇಡಿಕೆಯೆಂದು ನನಗನ್ನಿಸುವುದಿಲ್ಲ. 1987ರಲ್ಲಿ ಸಾಕಷ್ಟು ದೊಡ್ಡ ಮಾದರಿಗಳು ದೊರೆತಾಗ ಆ ಸಾಕ್ಷ್ಯವೂ ಬಂದಿತು, ಬಹುಮಂದಿ ಒಪ್ಪಿದರು. 1992ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟವು ಸ್ಫಟಿಕದ ಲಕ್ಷಣವನ್ನೇ ತಿದ್ದಿ, ಪುನರಾವೃತ್ತಿಯ ಮಾತನ್ನು ಬಿಟ್ಟು, ಸ್ಪಷ್ಟವಾದ ಚುಕ್ಕಿಗಳ ಚಿತ್ರ ಕೊಡುವ ಘನವಸ್ತುವೆಲ್ಲವೂ ಸ್ಫಟಿಕವೆಂದಿತು. ಪಾಲಿಂಗ್ ಮಾತ್ರ 1994ರಲ್ಲಿ ತೀರಿಕೊಳ್ಳುವವರೆಗೂ ಮಣಿಯಲಿಲ್ಲ.

2011ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಶೆಕ್ಟ್‌ಮನ್ನರೊಬ್ಬರಿಗೇ ಸಂದಿತು. 2014ರಲ್ಲಿ ಅವರು ಇಸ್ರೇಲಿನ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದರು. ಬಿದ್ದ ಮತ ಒಂದೇ ಒಂದು!

ಅವರು ಕಂಡ ಈ ಅರೆಸ್ಫಟಿಕಗಳು ಗಡಸು, ಆದರೆ ಗಾಜಿನಂತೆ ಒಡೆಯುವಂಥವು. ಲೋಹಗಳಿಂದಾದರೂ ಶಾಖವನ್ನು ಚೆನ್ನಾಗಿ ಸಾಗಿಸವು. ಪ್ರಯೋಗಶಾಲೆಯ ಹೊರಗೆ ಇವು ಇರಲಾರವೆಂದು ಕೆಲವರು ಭಾವಿಸಿದ್ದರು. 2009ರಲ್ಲಿ ಇಟಲಿಯ ಫ್ಲಾರೆನ್ಸಿನ ವಸ್ತುಸಂಗ್ರಹಾಲಯದ ಒಂದು ಕಲ್ಲಿನಲ್ಲಿ ಅಂಥ ಕಣಗಳು ಸಿಕ್ಕಿದುವು. ಆ ಕಲ್ಲು ರಷ್ಯದ ಪೂರ್ವತುದಿಯ ಕೊರ್ಯಾಕ್ ಬೆಟ್ಟಗಳದು. 2011ರಲ್ಲಿ ಅಲ್ಲಿಗೇ ಹೋಗಿ ತೊರೆಯ ಜೇಡಿಮಣ್ಣನ್ನು ಜಾಲಿಸಿದಾಗ ಇನ್ನಷ್ಟು ದೊರೆತುವು. ಆಕಾಶದಿಂದ ಬಿದ್ದ ಉಲ್ಕೆಯೊಂದರ ಚೂರುಗಳವು.